ರೆಜಿಸ್ ಬಾಗಿಲು ತೆರೆದ ರಾತ್ರಿ

ಆ ರಾತ್ರಿ ಅರ್ಮೆಲ್ ಆ ಊರೊಳಗೆ ಕಾಲಿಟ್ಟಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಕಲ್ಲುಹಾಸಿನ ಓಣಿ. ಬೆನ್ನಚೀಲಕ್ಕೆ ಯಾತ್ರಿಕರ ಗುರುತಾಗಿ ಕಟ್ಟಿದ್ದ ಕಪ್ಪೆಚಿಪ್ಪು ಹೆಜ್ಜೆಗೊಮ್ಮೆ ಟಕ್... ಟಕ್... ಅನ್ನುತ್ತಿತ್ತು. ಬಾವಿ ದಾಟುವಾಗ ರಾಟೆ ಕಿರ್ರ್ ಅಂತ ತಿರುಗಿತು. ಹಗ್ಗವೇ ಇರಲಿಲ್ಲ. ಗಾಳಿಯೂ ಇರಲಿಲ್ಲ...

ಅರ್ಮೆಲ್ ನನ್ನ ಚಿಕ್ಕಮ್ಮನ ಮಗಳು. ಅವಳ ಗಂಡ ರೆಜಿಸ್, ಸಂತ ಯಾಕೋಬನ ಸಮಾಧಿಗೆ ನಡೆದು ಹೋಗಿ ಬರ್ತೀನಿ ಅಂತ ಹೊರಟವನು, ಇದೇ ಊರಲ್ಲಿ ಯಾತ್ರಿಕರಿಗೆ ತಂಗಲು ಮನೆ ಕೊಡುವವಳ ಜೊತೆ ಉಳಿದುಬಿಟ್ಟ. ವರ್ಷಗಳಾದ ಮೇಲೆ ಯಾರೋ ಯಾತ್ರಿಕರ ಬಾಯಿಂದ ಅರ್ಮೆಲ್‌ಗೆ ಗೊತ್ತಾಯಿತು. ಅದೇ ದಾರಿ ಹಿಡಿದು, ಊರೂರು ದಾಟಿ, ನಡೆದೇ ಬಂದಿದ್ದಳು. ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತು ಆಡಬೇಕಿತ್ತು.

ಆ ಯಾತ್ರಿಕರು ಹೇಳಿದ್ದ ನೀಲಿ ಬಾಗಿಲು. ತಟ್ಟುವ ಮೊದಲೇ ಚಿಲಕ ಕಳಕ್ ಅಂದಿತು.

"ಬಂದ್ಯಾ..." ಪಿಸುದನಿ. ರೆಜಿಸ್. ಕೆನ್ನೆ ಒಳಗೆ ಹೋಗಿತ್ತು. "ಎಷ್ಟು ತಡ ಮಾಡಿದೆ..."

"ತಡ ಮಾಡಿದ್ದು ನಾನಾ? ಮಗಳ ಮದುವೆ ಆಯ್ತು. ನಿನ್ನಮ್ಮನ್ನ ಮಣ್ಣು ಮಾಡಿದ್ದಾಯ್ತು. ಎರಡಕ್ಕೂ ನಾನೊಬ್ಬಳೇ ನಿಂತೆ. ನಿಂಗೆ ಪುಣ್ಯ ಸಿಕ್ತಾ?"

"ಒಳಗೆ ಬಾ, ಅರ್ಮೆಲ್... ಕ್ಷಮಿಸಿದೆ ಅಂತ ಒಂದ್ ಸಲ ಅನ್ನು. ಸಾಕು."

"ಅನ್ನಲ್ಲ. ಸತ್ತರೂ ಅನ್ನಲ್ಲ."

ಅವನು ತಲೆಯಾಡಿಸಿದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅರ್ಮೆಲ್ ಚರ್ಚಿನ ಮೆಟ್ಟಿಲ ಮೇಲೆ ಕೂತೇ ಬೆಳಗು ಮಾಡಿದಳು. ಅಳು ಬರಲಿಲ್ಲ.

ಬೆಳಿಗ್ಗೆ ಬ್ರೆಡ್ ಅಂಗಡಿಯವಳು ಅವಳನ್ನು ನೋಡಿ ಕೇಳಿದಳು: "ರಾತ್ರಿಯೆಲ್ಲ ಇಲ್ಲೇ ಇದ್ರಾ? ಯಾರನ್ನ ಹುಡುಕ್ತಿದ್ದೀರಿ?"

"ಯಾರನ್ನೂ ಇಲ್ಲ. ಆ ನೀಲಿ ಬಾಗಿಲಿನ ರೆಜಿಸ್‌ನ ಹೆಂಡತಿ ನಾನು."

ಅಂಗಡಿಯವಳ ಕೈ ನಿಂತಿತು. "ಹೆಂಡತಿನಾ? ತನಗೆ ಯಾರೂ ಇಲ್ಲ ಅಂತಿದ್ದನಲ್ಲಮ್ಮ! ಆ ಮನೆಯವಳು ಬಿಟ್ಟುಹೋದ ಮೇಲೆ ಒಬ್ಬನೇ ಇದ್ದ. ಹೋದ ಚಳಿಗಾಲದಲ್ಲಿ ತೀರಿಕೊಂಡ. ನಾವೇ ಮಣ್ಣು ಮಾಡಿದ್ವಿ. ಮನೆಗೆ ಬೀಗ ಹಾಕಿದೆ, ಕೀಲಿ ನನ್ನ ಹತ್ರಾನೇ ಇದೆ."

ಇಬ್ಬರೂ ಹೋಗಿ ಬೀಗ ತೆಗೆದರು. ನೆಲದ ತುಂಬ ಧೂಳು, ಒಂದು ಹೆಜ್ಜೆಗುರುತೂ ಇಲ್ಲ. ಒಲೆ ತಣ್ಣಗಿತ್ತು, ಜೇಡ ಬಲೆ ಕಟ್ಟಿತ್ತು.

ಅರ್ಮೆಲ್ ಸುಳ್ಳು ಹೇಳುವವಳಲ್ಲ. ಆ ಅಂಗಡಿಯವಳು ಈಗಲೂ ಇದ್ದಾಳೆ, ಹೋಗಿ ಕೇಳಿ. ಮೇಜಿನ ಮೇಲೆ ಎರಡು ಬಟ್ಟಲು ಈರುಳ್ಳಿ ಸೂಪು ಇತ್ತು. ಎರಡರಲ್ಲೂ ಹಬೆಯಾಡುತ್ತಿತ್ತು.