ಹತ್ತಕ್ಕೆ ಹತ್ತು ಕೊಟ್ಟ ಸಾಹುಕಾರ

ಸುಳ್ಳು ಹೇಳಬಾರದು ಅಂತ ನಾನು ಅಂದ ಕೂಡಲೇ ಎಲ್ಲರೂ ತಲೆ ಆಡಿಸಿದಿರಿ. ಎಷ್ಟು ಚೆಂದ ಆಡಿಸಿದಿರಿ! ಮುಂದೆ ಕೂತವರಂತೂ, ಈ ಮಾತು ನಮಗಲ್ಲ, ಹಿಂದೆ ಕೂತವರಿಗೆ ಹೇಳಿದ್ದು ಅನ್ನೋ ಹಾಗೆ ಆಡಿಸಿದಿರಿ. ಇರಲಿ. ನೀವು ಕೋರ್ಟಿನಲ್ಲಿ ನಿಂತು ಸುಳ್ಳು ಹೇಳೋರಲ್ಲ, ಒಪ್ಪಿದೆ. ತಕ್ಕಡಿ ಹಿಡಿದು ಸುಳ್ಳು ಹೇಳೋರಲ್ಲ, ಅದನ್ನೂ ಒಪ್ಪೋಣ, ಈ ಹೊತ್ತಿನ ಮಟ್ಟಿಗೆ. ಆದರೆ ಇನ್ನೊಂದು ಸುಳ್ಳಿದೆ. ಬಹಳ ಮರ್ಯಾದಸ್ಥ ಸುಳ್ಳು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಓಡಾಡೋ ಸುಳ್ಳು. ಯಾವುದು ಅಂತೀರಾ? 'ಚೆನ್ನಾಗಿದೆ' ಅನ್ನೋ ಸುಳ್ಳು. ಕೇಳಿ, ಅದರ ಕಥೆ ಹೇಳ್ತೀನಿ.

ದಾವಣಗೆರೆಯಲ್ಲಿ ಒಬ್ಬ ಸಾಹುಕಾರ ಇದ್ದ ಅಂತ ಇಟ್ಟುಕೊಳ್ಳಿ. ಬೇರೆ ಊರು ಬೇಕಾದರೆ ಬೇರೆ ಊರು ಇಟ್ಟುಕೊಳ್ಳಿ, ಇಂಥ ಸಾಹುಕಾರ ಇಲ್ಲದ ಊರಿಲ್ಲ. ಹೆಸರು ಕೊಟ್ರಬಸಪ್ಪ. ಮಂಡಕ್ಕಿ ಭಟ್ಟಿ ಇತ್ತು. ಅಪ್ಪನ ಕಾಲಕ್ಕೆ ಒಂದು ಭಟ್ಟಿ, ಇವನ ಕಾಲಕ್ಕೆ ಆರು. ಕೆಟ್ಟ ಮನುಷ್ಯ ಅಲ್ಲ ನೋಡಿ. ಕುಡಿಯೋನಲ್ಲ, ಕೆಲಸದವರಿಗೆ ಕೆಟ್ಟ ಮಾತಾಡೋನಲ್ಲ. ಒಂದೇ ಒಂದು ಕಾಯಿಲೆ. ತಾನು ತಗೊಂಡ ವಸ್ತು ಯಾವತ್ತೂ ತಪ್ಪಾಗಿರಬಾರದು. ಸಂತೆಯಿಂದ ಬದನೆಕಾಯಿ ತರ್ತಿದ್ದ. ಹೆಂಡತಿ ಹಾಲಮ್ಮ ಹೆಚ್ಚೋವಾಗ, "ಏನ್ರೀ, ಬರೀ ಹುಳ" ಅಂದರೆ ಇವನ ಉತ್ತರ: "ಮದ್ದು ಹೊಡೆದಿಲ್ಲ ಅಂತ ಅರ್ಥ ಕಣೇ. ಒಳ್ಳೇ ಮಾಲು!"

ನಗಬೇಡಿ. ನಿಮ್ಮ ಮನೇಲಿ ಯಾರು ಹೀಗಂತಾರೆ ಅಂತ ನಿಮಗೇ ಗೊತ್ತು.

ಇಂಥವನು ಒಂದು ಗಾಡಿ ತಗೊಂಡ. ಸಣ್ಣಪುಟ್ಟದಲ್ಲ, ಏಳು ಸೀಟಿನ ದೊಡ್ಡ ಎಸ್‌ಯುವಿ. ಮಾರುಕಟ್ಟೆಗೆ ಆಗ ತಾನೇ ಬಂದಿದ್ದ ಹೊಸ ಮಾದರಿ. ಶೋರೂಮಿನವರು ಹಾರ ಹಾಕಿದ್ರು, ಕೇಕ್ ಕತ್ತರಿಸಿದ್ರು, ಆಳೆತ್ತರದ ರಟ್ಟಿನ ಕೀಲಿ ಕೈಗೆ ಕೊಟ್ಟು ಫೋಟೋ ಹೊಡೆದ್ರು. ಮನೆ ಮುಂದೆ ನಿಂತರೆ ಗಾಡಿ ಬೀದಿಯ ಅರ್ಧ ನುಂಗ್ತಿತ್ತು. ಹತ್ತೋಕೆ ಹಾಲಮ್ಮನಿಗೆ ಒಂದು ಮಣೆ ಬೇಕಾಗ್ತಿತ್ತು. ಆದರೂ ಪಾಪ, ಅವಳಿಗೂ ಖುಷಿ. ಯಾರಿಗೆ ಖುಷಿ ಆಗಲ್ಲ?

ಮೂರನೇ ವಾರಕ್ಕೆ ಸ್ಟೀರಿಂಗ್ ಪಕ್ಕದ ಸ್ಕ್ರೀನು ಕಪ್ಪಾಯ್ತು. ಸರಿ ಮಾಡಿಸಿಕೊಂಡು ಬಂದ. ಆಮೇಲೆ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಳ್ತು. ಯಾಕೆ ಹತ್ತಿದೆ ಅಂತ ಶೋರೂಮಿನವರಿಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ದಿನ, ಕಲ್ಯಾಣ ಮಂಟಪದ ಮುಂದೆ ಗಾಡಿ ನಿಲ್ಲಿಸಿದ್ರೆ ನಾಲ್ಕು ಬಾಗಿಲೂ ತೆಗೀತಾ ಇಲ್ಲ! ಒಳಗೆ ಗಂಡ ಹೆಂಡತಿ, ಹೊರಗೆ ನೂರು ಜನ ನೆಂಟರು. ಕೊನೆಗೆ ಹಿಂದಿನ ಡಿಕ್ಕಿ ಬಾಗಿಲೊಂದು ತೆಗೀತು. ಹಾಲಮ್ಮ ಇಳಕಲ್ ಸೀರೆ ಉಟ್ಟುಕೊಂಡು, ಸೀಟಿನ ಮೇಲೆ ಸೀಟು ದಾಟಿಕೊಂಡು, ಡಿಕ್ಕಿಯಿಂದ ಇಳಿದಳು. ಹಿಂದೆ ಸಾಹುಕಾರ. ಇಳಿದು, ಪಂಚೆ ಸರಿ ಮಾಡ್ಕೊಂಡು, ನಿಂತಿದ್ದವರಿಗೆ ಏನಂದ ಗೊತ್ತಾ?

"ಹಿಂದಿನಿಂದ್ಲೂ ಇಳೀಬಹುದು ನೋಡ್ರಿ. ಎಷ್ಟು ಅನುಕೂಲ ಮಾಡ್ಯಾರೆ!"

ಇದೂ ಹೋಗಲಿ. ಒಂದು ಮಧ್ಯಾಹ್ನ ಹರಿಹರದ ರಸ್ತೇಲಿ ಗಾಡಿ ನಿಂತೇ ಹೋಯ್ತು. ಬಾನೆಟ್ ಎತ್ತಿದ್ದಾರೆ, ಬಿಸಿಲು ಸುರೀತಿದೆ, ಹಾಲಮ್ಮ ತಲೆ ಮೇಲೆ ಸೆರಗು ಹೊದ್ದುಕೊಂಡು ಕಲ್ಲಿನ ಮೇಲೆ ಕೂತಿದ್ದಾಳೆ. ಆಗ ಬಂತು ನೋಡಿ ಕಂಪನಿಯಿಂದ ಫೋನು. ಒಬ್ಬ ಹುಡುಗಿ, ಸಕ್ಕರೆಯಂಥ ದನಿ. "ಸರ್, ನಮ್ಮ ಗಾಡಿ ಬಗ್ಗೆ ನಿಮಗೆ ಎಷ್ಟು ತೃಪ್ತಿ ಇದೆ? ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ ಸರ್?"

ಪಕ್ಕದ ಚಹಾದಂಗಡಿಯವರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ರು. ಸಾಹುಕಾರ ಎದೆ ಉಬ್ಬಿಸಿದ. "ಹತ್ತು."

"ಏನಾದರೂ ಸಲಹೆ ಇದೆಯಾ ಸರ್?"

"ಏನೂ ಇಲ್ಲಮ್ಮ. ನಾವು ಬಹಳ ಆನಂದವಾಗಿದೀವಿ."

ಕಲ್ಲಿನ ಮೇಲಿಂದ ಹಾಲಮ್ಮ ಕೇಳಿದಳು, "ಯಾರ್ರೀ ಆನಂದವಾಗಿರೋರು?"

ಆರು ತಿಂಗಳಲ್ಲಿ ಐದು ಸಲ ಗಾಡಿ ಶೋರೂಮಿಗೆ ಹೋಯ್ತು. ಯಾರಾದರೂ "ಗಾಡಿ ಎಲ್ಲಿ ಸಾಹುಕಾರ್ರೇ?" ಅಂದರೆ, "ಸರ್ವೀಸಿಗೆ ಬಿಟ್ಟೀನಿ." ಅಷ್ಟೇ. ಇಲ್ಲೀವರೆಗೆ ಇದು ನಗೋ ಕಥೆ. ಅವನ ಗಾಡಿ, ಅವನ ಬಿಸಿಲು, ಅವನ ಹೆಂಡತಿ. ನಮಗೇನು? ಅಲ್ವಾ? ಈಗ ಕೇಳಿ.

ಕೊಟ್ರಬಸಪ್ಪನ ಮಗಳು ಅನಸೂಯಾಳನ್ನ ಹರಪನಹಳ್ಳಿಗೆ ಕೊಟ್ಟಿತ್ತು. ಅವಳ ಮಾವ ಮುರಿಗೆಪ್ಪ, ಬಟ್ಟೆ ವ್ಯಾಪಾರಿ. ಆ ಮನೇಲಿ ಹದಿನಾಲ್ಕು ವರ್ಷದ ಹಳೇ ಕಾರಿತ್ತು. ಅದನ್ನ ಓಡಿಸೋಕೆ ದಾದಾಪೀರ್ ಅಂತ ಒಬ್ಬ ಡ್ರೈವರು. ಇಪ್ಪತ್ತೆರಡು ವರ್ಷದಿಂದ ಅದೇ ಮನೆ. ಆ ಮನೆಯ ಮಕ್ಕಳನ್ನ ಶಾಲೆಗೆ ಬಿಟ್ಟವನು ಅವನೇ, ಅವರ ಮದುವೆಯಲ್ಲಿ ಮದುಮಗನ ಕಾರು ಓಡಿಸಿದವನೂ ಅವನೇ. ಇಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬೀಳಿಸಿದವನಲ್ಲ.

ಒಂದು ದಿನ ಮುರಿಗೆಪ್ಪ ಬೀಗರ ಮನೆಗೆ ಬಂದ. ಊಟ ಆಯ್ತು, ಎಲೆ ಅಡಿಕೆ ಆಯ್ತು. "ಬೀಗರೇ," ಅಂದ, "ನಾನೂ ಒಂದು ಹೊಸ ಗಾಡಿ ತಗೋಬೇಕು ಅಂತೀನ್ರಿ. ನೀವು ಅನುಭವಸ್ಥರು. ಮನಸ್ಸು ಬಿಚ್ಚಿ ಹೇಳ್ರಿ. ಹೆಂಗೈತೆ ನಿಮ್ಮ ಗಾಡಿ?"

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕೇಳ್ತಿರೋನು ಯಾರು? ಮಗಳನ್ನ ಕೊಟ್ಟ ಮನೆಯ ಯಜಮಾನ. ಆ ಗಾಡಿಯಲ್ಲಿ ನಾಳೆ ಕೂರೋರು ಯಾರು? ತನ್ನ ಮಗಳು, ತನ್ನ ಮೊಮ್ಮಗಳು. ಅಡುಗೆಮನೆ ಬಾಗಿಲಲ್ಲಿ ಹಾಲಮ್ಮ ನಿಂತಿದ್ದಾಳೆ, ಗಂಡನ ಮುಖಾನೇ ನೋಡ್ತಿದ್ದಾಳೆ. ಒಂದು ಮಾತು ಸಾಕಿತ್ತು ನೋಡಿ. 'ಸ್ವಲ್ಪ ತೊಂದರೆ ಐತೆ ಬೀಗರೇ.' ಎಷ್ಟು ಮಾತು? ನಾಲ್ಕು ಮಾತು. ಬಾಯಿಗೆ ಬರಬೇಕಲ್ಲ!

"ಹೂವಿನಂಗೆ ಓಡ್ತೈತೆ ಬೀಗರೇ," ಅಂದ ಸಾಹುಕಾರ. "ಕಣ್ಣು ಮುಚ್ಕೊಂಡು ತಗೊಳ್ರಿ."

ಮುರಿಗೆಪ್ಪ ಕಣ್ಣು ಮುಚ್ಚಿಕೊಂಡೇ ತಗೊಂಡ. ಹಳೇ ಕಾರು ಮಾರಿದ. ಅದೇ ಗಾಡಿ, ಬಣ್ಣ ಕೂಡ ಅದೇ.

ಎರಡು ತಿಂಗಳಾಗಿರಬೇಕು. ಮುರಿಗೆಪ್ಪನ ಚಿಕ್ಕ ಮಗನ ನಿಶ್ಚಿತಾರ್ಥ, ಹಗರಿಬೊಮ್ಮನಹಳ್ಳಿಯಲ್ಲಿ. ಹನ್ನೊಂದು ಗಂಟೆ ಒಳಗೆ ಉಂಗುರ ಹಾಕಬೇಕು. ಮನೆಯವರೆಲ್ಲ ಹೊಸ ಗಾಡಿಯಲ್ಲಿ ಕೂತರು. ಹಣ್ಣಿನ ತಟ್ಟೆ, ಹೂವಿನ ತಟ್ಟೆ ಎಲ್ಲ ತೊಡೆ ಮೇಲೆ. ಅರ್ಧ ದಾರಿಯಲ್ಲಿ ಗಾಡಿ ಒಂದು ಸಲ ನಡುಗಿತು, ನಿಂತಿತು. ದಾದಾಪೀರ್ ಇಳಿದ, ನೋಡಿದ, ಮುಟ್ಟಿದ, ಬಗ್ಗಿದ. ಹಳೇ ಗಾಡಿಯಾಗಿದ್ರೆ ಶಬ್ದ ಕೇಳೇ ಹೇಳ್ತಿದ್ದ. ಇದರೊಳಗೆ ಎಲ್ಲ ಮುಚ್ಚಿಟ್ಟಿದ್ದಾರೆ, ಮನುಷ್ಯನ ಕೈ ಹೋಗೋಕೆ ಜಾಗಾನೇ ಇಲ್ಲ. ಅವನೇನು ಮಾಡ್ತಾನೆ?

ಕೊನೆಗೆ ಒಂದು ಹಾಲಿನ ವ್ಯಾನು ಸಿಕ್ಕಿತು. ಮದುಮಗ ಸೂಟು ಹಾಕ್ಕೊಂಡು ಹಾಲಿನ ಕ್ಯಾನುಗಳ ನಡುವೆ ನಿಂತು ಹೋದ. ತಲುಪಿದಾಗ ಒಂದೂವರೆ. ಹೆಣ್ಣಿನ ಮನೆಯವರು ದೊಡ್ಡ ಮನಸ್ಸಿನವರು, ಉಂಗುರ ಹಾಕಿಸಿಕೊಂಡ್ರು. ಆದರೆ ಯಾರೋ ಒಬ್ಬ ಮುದುಕ ಮೂಗು ಮುಚ್ಚಿಕೊಂಡು, "ಬೀಗರು ಡೈರಿ ಕಡೆಯವರಾ?" ಅಂತ ಕೇಳಿಬಿಟ್ಟ.

ಮುರಿಗೆಪ್ಪನಿಗೆ ಮೈಯೆಲ್ಲ ಉರಿ. ಅದಕ್ಕೂ ಮೊದಲೇ ರಸ್ತೆ ಮೇಲೆ, ವ್ಯಾನು ಸಿಗೋಕೆ ಮುಂಚೆ ಅವನೊಂದು ಫೋನು ಮಾಡಿದ್ದ. ಯಾರಿಗೆ? ಬೀಗರಿಗೆ. "ಬೀಗರೇ, ಒಂದು ಮಾತು ಹೇಳ್ರಿ. ನಿಮ್ಮ ಗಾಡಿ ಯಾವತ್ತಾದ್ರೂ ಹಿಂಗೆ ನಿಂತಿತ್ತೇನ್ರಿ?"

ಆ ಹೊತ್ತಿನಲ್ಲಿ ಕೊಟ್ರಬಸಪ್ಪ ಎಲ್ಲಿದ್ದ ಹೇಳಿ ನೋಡೋಣ? ಶೋರೂಮಿನಲ್ಲಿ! ಪ್ಲಾಸ್ಟಿಕ್ ಕುರ್ಚಿ ಮೇಲೆ. ಎದುರಿಗೆ ಅವನ ಗಾಡಿ ಹೊಟ್ಟೆ ಬಿಚ್ಕೊಂಡು ನಿಂತಿದೆ. ಅಂಥಾ ಜಾಗದಲ್ಲಿ ಕೂತು ಅವನು ಹೇಳಿದ, "ಇಲ್ಲ ಬೀಗರೇ. ನಮ್ಮದು ಒಂದು ದಿನಾನೂ ನಿಂತಿಲ್ಲ." ಅಲ್ಲಿಗೆ ಬಿಟ್ಟನಾ? ಬಿಡಲಿಲ್ಲ. ಒಂದು ಸುಳ್ಳಿಗೆ ಗೋಡೆ ಕಟ್ಟಿದ ಮೇಲೆ ಸೂರು ಹಾಕದೆ ಬಿಡ್ತೀವಾ? "ಗಾಡಿ ಒಳ್ಳೇದೇ ಐತೆ," ಅಂದ. "ಓಡಿಸೋರ ಕೈ ಮೇಲೆ ಇರ್ತೈತೆ ನೋಡ್ರಿ."

ಓಡಿಸೋರ ಕೈ ಮೇಲೆ. ಮುರಿಗೆಪ್ಪ ತಿರುಗಿ ದಾದಾಪೀರನನ್ನ ನೋಡಿದ. ಮೈಯೆಲ್ಲ ಬೆವರು, ಎರಡು ಕೈಗೂ ಗ್ರೀಸು. ಇಪ್ಪತ್ತೆರಡು ವರ್ಷ ಕಣ್ಣಾರೆ ನೋಡಿದ ಕೈ ಅದು. ಆ ಕ್ಷಣಕ್ಕೆ ಫೋನಿನಲ್ಲಿ ಬಂದ ಮಾತೇ ದೊಡ್ಡದಾಯ್ತು. ಮಾರನೇ ದಿನ ಬೆಳಗ್ಗೆ ಅವನ ಕೈಯಿಂದ ಕೀಲಿ ಇಸ್ಕೊಂಡ. "ಅದೇ ಗಾಡಿ ನಮ್ಮ ಬೀಗರ ಮನೇಲಿ ಹೂವಿನಂಗೆ ಓಡ್ತೈತಂತೆ. ನಿನಗೆ ಹೊಸ ಗಾಡಿ ಓಡಿಸೋಕೆ ಬರಲ್ಲ. ನಾಳೆಯಿಂದ ಬರಬೇಡ." ದಾದಾಪೀರ್ ಟವೆಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು ಹೋದ.

ಅನಸೂಯಾ ತವರಿಗೆ ಫೋನು ಮಾಡಿದಳು. "ಅಪ್ಪಾಜಿ, ನೀವು ಏನು ಹೇಳಿದ್ರಿ ಮಾವನೋರಿಗೆ? ದಾದಾಪೀರಣ್ಣನ್ನ ಬಿಡಿಸಿಬಿಟ್ರು. ನನ್ನ ಮಗಳು ಬೆಳಗ್ಗೆಯಿಂದ ಗೇಟಿನ ಹತ್ರ ನಿಂತು ಅವನ ದಾರಿ ಕಾಯ್ತಾ ಇದಾಳೆ."

ಸಾಹುಕಾರ ಫೋನು ಇಟ್ಟ. ಹಾಲಮ್ಮನಿಗೆ ಹೇಳಿದ. ಹೇಳಿ, ತಾನೇ ಸಮಾಧಾನಾನೂ ಹೇಳಿಕೊಂಡ, "ಡ್ರೈವರ್ ಕೆಲಸ ತಾನೇ, ಇನ್ನೊಂದು ಕಡೆ ಸಿಗ್ತೈತೆ ಬಿಡು."

ಹಾಲಮ್ಮ ರೊಟ್ಟಿ ಬಡೀತಿದ್ದಳು. ಕೈ ನಿಲ್ಲಿಸಿದಳು. "ನಾನು ಡಿಕ್ಕಿಯಿಂದ ಇಳಿದಿದ್ದನ್ನ ನನ್ನ ತಂಗಿಗೂ ಹೇಳಲಿಲ್ಲ. ನಿಮ್ಮ ಮರ್ಯಾದೆ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ಆ ಮರ್ಯಾದೆ ಇನ್ನೊಬ್ಬನ ಅನ್ನ ಕಿತ್ಕೊಂತು. ಇನ್ನು ನನ್ನ ಕೈಲಿ ಬಾಯಿ ಮುಚ್ಕೊಂಡಿರಾಕೆ ಆಗಲ್ಲ. ನೀವು ಹೋಗಿ ಹೇಳ್ತೀರೋ, ನಾನೇ ಹೋಗ್ಲೋ?"

ಸಾಹುಕಾರ ಮಾರನೇ ದಿನ ಬೆಳಗ್ಗೆ ಸರ್ಕಾರಿ ಬಸ್ಸು ಹತ್ತಿದ. ಎಷ್ಟೋ ವರ್ಷದ ಮೇಲೆ ಬಸ್ಸು. ದಾರಿಯುದ್ದಕ್ಕೂ ಒಂದು ಮಾತು ಜೋಡಿಸ್ತಾನೆ, ಕೆಡವ್ತಾನೆ. 'ಗಾಡಿ ಸ್ವಲ್ಪ...' ಬೇಡ. 'ಈಚೀಚೆಗೆ ಒಂಚೂರು...' ಅದೂ ಬೇಡ. ಮುರಿಗೆಪ್ಪನ ಅಂಗಡಿ ಮೆಟ್ಟಿಲು ಹತ್ತಿದಾಗ ಜೋಡಿಸಿದ್ದೆಲ್ಲ ಮರೆತೇ ಹೋಗಿತ್ತು.

"ಬರ್ರಿ ಬರ್ರಿ ಬೀಗರೇ! ಗಾಡಿ ಎಲ್ಲಿ ನಿಲ್ಲಿಸಿದ್ರಿ?"

"ಗಾಡಿ ಶೋರೂಮಲ್ಲೈತೆ," ಅಂದ ಕೊಟ್ರಬಸಪ್ಪ. ನಿಂತೇ ಹೇಳಿದ. "ಎಂಟು ತಿಂಗಳಲ್ಲಿ ಏಳು ಸಲ ಹೋಗೈತೆ. ನೀವು ರಸ್ತೇಲಿ ನಿಂತು ಫೋನು ಮಾಡಿದಾಗ ನಾನು ಅಲ್ಲೇ ಕೂತಿದ್ದೆ. ಸುಳ್ಳು ಹೇಳಿದೆ ಬೀಗರೇ. ನಿಮ್ಮ ಡ್ರೈವರ್ ಕೈಯಾಗೆ ತಪ್ಪಿರಲಿಲ್ಲ. ನನ್ನ ಬಾಯಾಗಿತ್ತು."

ಮುರಿಗೆಪ್ಪ ಬಿಚ್ಚಿ ತೋರಿಸ್ತಿದ್ದ ಸೀರೆಯನ್ನ ಮಡಿಸಿದ, ಮತ್ತೆ ಬಿಚ್ಚಿದ, ಮತ್ತೆ ಮಡಿಸಿದ. ಸಿಟ್ಟು ಬರುತ್ತೆ, ಬೈತಾನೆ ಅಂತ ಕೊಟ್ರಬಸಪ್ಪ ತಲೆ ಬಗ್ಗಿಸಿ ನಿಂತಿದ್ದ. ಮುರಿಗೆಪ್ಪನ ಬಾಯಿಂದ ಬಂದ ಮಾತು ಬೇರೇನೇ ಆಗಿತ್ತು.

"ಮೊನ್ನೆ ಕಂಪನಿಯಿಂದ ಒಂದು ಹುಡುಗಿ ಫೋನು ಮಾಡಿತ್ತು ಬೀಗರೇ. ಹತ್ತಕ್ಕೆ ಎಷ್ಟು ಅಂತ ಕೇಳ್ತು."

"ನೀವು?"

"ನಿಮ್ಮದು ಹೂವಿನಂಗೆ ಓಡೋವಾಗ ನನ್ನದು ನಿಂತಿತು ಅಂತ ಹೆಂಗ್ ಹೇಳ್ಲಿ? ಹತ್ತು ಅಂದೆ." ಮುರಿಗೆಪ್ಪ ದನಿ ಇನ್ನೂ ತಗ್ಗಿಸಿದ. "ಅದೂ ಹೋಗ್ಲಿ. ನಮ್ಮ ತಮ್ಮನಿಗೂ ಒಂದು ಬುಕ್ ಮಾಡು ಅಂತ ಹೇಳಿಬಿಟ್ಟೀನಿ."

ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ. ತಮ್ಮನಿಗೆ ಅಲ್ಲೇ ಕೂತು ಫೋನು ಮಾಡಿ ಬೇಡ ಅಂದ್ರು. ಆಮೇಲೆ ಇಬ್ಬರೂ ನಡ್ಕೊಂಡೇ ದಾದಾಪೀರನ ಮನೆಗೆ ಹೋದ್ರು.

ಅವನು ಅಂಗಳದಲ್ಲಿ ಕೂತು ಖಾಕಿ ಅಂಗಿಗೆ ಗುಂಡಿ ಹಾಕ್ತಿದ್ದ. ಹಿಂದಿನ ದಿನವೇ ಒಂದು ಶಾಲೆ ಬಸ್ಸಿಗೆ ಸೇರಿದ್ದ. ಇವರನ್ನ ನೋಡಿ ಎದ್ದ, ಕುರ್ಚಿ ಹಾಕಿದ, ಒಳಗಿನಿಂದ ಚಹಾ ಬಂತು. ಕೊಟ್ರಬಸಪ್ಪ ಇದ್ದಿದ್ದನ್ನ ಇದ್ದ ಹಾಗೆ ಹೇಳಿದ. ಮುರಿಗೆಪ್ಪ ಅಂದ, "ತಪ್ಪಾಯ್ತು ದಾದಾಪೀರ್. ವಾಪಸ್ ಬಾ."

ದಾದಾಪೀರ್ ಲೋಟ ಕೆಳಗಿಟ್ಟ. "ಗಾಡಿ ನಿಂತಿದ್ದಕ್ಕೆ ನನಗೆ ಬೇಜಾರಿಲ್ಲ ಯಜಮಾನ್ರೇ," ಅಂದ. "ಈ ಸಾಹುಕಾರ್ರು ನನ್ನ ಕೈ ನೋಡಿದವರಲ್ಲ, ಅವರ ಮೇಲೂ ಇಲ್ಲ. ನೀವು ನೋಡಿದವರು. ನನ್ನನ್ನ ಒಂದು ಮಾತು ಕೇಳಬೇಕಿತ್ತು." ಆಮೇಲೆ, "ಶಾಲೆಯವರಿಗೆ ಮಾತು ಕೊಟ್ಟೀನಿ. ಪರೀಕ್ಷೆ ಮುಗಿಯೋವರೆಗೂ ಬಿಡಾಕಾಗಲ್ಲ. ಮಗು ಕೇಳ್ತಿದ್ರೆ, ಆಯ್ತವಾರ ಬಂದು ಮಾತಾಡಿಸಿ ಹೋಗ್ತೀನಿ ಅನ್ರಿ."

ಅಷ್ಟೇ. ಅವನು ವಾಪಸ್ ಬರಲಿಲ್ಲ. ಕಥೆ ಅಂದ ಮೇಲೆ ಕೊನೆಗೆ ಎಲ್ಲ ಸರಿಹೋಗಬೇಕು ಅಂತ ನೀವು ಕಾಯ್ತಾ ಇದ್ದೀರಿ. ಸತ್ಯ ಹೇಳಿದ ಕೂಡಲೇ ಎಲ್ಲ ಸರಿಹೋಗಲ್ಲ ನೋಡಿ. ತಡವಾಗಿ ಹೇಳಿದ ಸತ್ಯಕ್ಕೆ ಒಂದಿಷ್ಟು ನಷ್ಟ ಉಳಿದೇ ಉಳಿಯುತ್ತೆ. ಆದರೂ ಹೇಳಿದ್ದು ವ್ಯರ್ಥ ಅಲ್ಲ. ಆ ಮನುಷ್ಯನ ಕೈಗೆ ಹತ್ತಿದ್ದ ಅಪವಾದ ತೊಳೆದು ಹೋಯ್ತು. ಮೂರನೇ ಮನೆಯವರು ರಸ್ತೇಲಿ ನಿಲ್ಲೋದು ತಪ್ಪಿತು.

ಈಗ ನಿಮ್ಮ ಕಡೆ ಬರ್ತೀನಿ. ನನಗೆ ಗಾಡಿ ಇಲ್ಲ, ನಾನು ಬಚಾವ್ ಅಂದುಕೊಂಡಿರಾ? ಮಗನನ್ನ ಸೇರಿಸಿದ ಶಾಲೆ ಸರಿ ಇಲ್ಲ, ಪಕ್ಕದ ಮನೆಯವರು ಕೇಳಿದ್ರೆ "ಫಸ್ಟ್ ಕ್ಲಾಸ್ ಶಾಲೆ." ಆ ಡಾಕ್ಟರು ಸರಿಯಾಗಿ ನೋಡಲಿಲ್ಲ, ಕೇಳಿದ್ರೆ "ಕೈಗುಣ ಚೆನ್ನಾಗಿದೆ." ಯಾಕೆ? ಆರಿಸಿದ್ದು ನಾವು ತಾನೇ! ನಮ್ಮ ಆಯ್ಕೆ ತಪ್ಪಾಗೋದುಂಟಾ? ಆದರೆ ಕೇಳಿದವನು ಸುಮ್ಮನೆ ಕೇಳಿ ಹೋಗಲ್ಲ ನೋಡಿ. ನಿಮ್ಮ ಮಾತಿನ ಮೇಲೆ ತನ್ನ ಹೆಂಡತಿ ಮಕ್ಕಳನ್ನ ಕೂರಿಸ್ತಾನೆ. ಅದನ್ನ ನೆನಪಿಟ್ಟುಕೊಳ್ಳಿ. ಇನ್ನು ಮೇಲೆ ಯಾರಾದರೂ ಹೇಗಿದೆ ಅಂತ ಕೇಳಿದ್ರೆ, ಉತ್ತರ ಕೊಡೋಕೆ ಮುಂಚೆ ಒಂದು ಉಸಿರು ತಗೊಳ್ಳಿ. ಹೊಗಳೋದೂ ಬೇಡ, ತೆಗಳೋದೂ ಬೇಡ. ಏನಾಯ್ತೋ ಅದನ್ನ ಹೇಳಿ. 'ನಾನು ಮೋಸ ಹೋದೆ' ಅಂತ ಬಾಯಿಬಿಟ್ಟು ಹೇಳೋಕೆ ಕಲೀರಿ. ಮೋಸ ಹೋಗಿದ್ದು ಪಾಪ ಅಲ್ಲ, ಇನ್ನೊಬ್ಬನನ್ನ ಅದೇ ಗುಂಡಿಗೆ ಕರೆಯೋದು ಪಾಪ. ಮತ್ತೆ, ಯಾರದೋ ಮಾತು ಕೇಳಿ ನಿಮ್ಮ ಹತ್ತಿರ ದುಡಿಯೋರ ಕಡೆ ಬೆರಳು ತೋರಿಸೋ ಮುಂಚೆ, ಅವರನ್ನ ಒಂದು ಮಾತು ಕೇಳಿ.

ಕಷ್ಟ ಅನ್ನಿಸ್ತಿದೆಯಾ? ಚಿಕ್ಕದರಿಂದ ಶುರು ಮಾಡಿ. ಇನ್ನೈದು ನಿಮಿಷಕ್ಕೆ ಎದ್ದು ಪ್ರಸಾದದ ಸಾಲಿನಲ್ಲಿ ನಿಲ್ತೀರಿ. ಇವತ್ತು ಬರಲಾಗದವರು ಯಾರೋ ಸಿಕ್ಕಿ ಕೇಳೇ ಕೇಳ್ತಾರೆ, "ಪ್ರವಚನ ಹೇಗಿತ್ತು?" ಅಂತ. ಸ್ವಲ್ಪ ಉದ್ದ ಆಯ್ತು ಅನ್ನಿಸಿದ್ರೆ, ನನ್ನ ಮುಖ ನೋಡಬೇಡಿ. ಸ್ವಲ್ಪ ಉದ್ದ ಆಯ್ತು ಅಂತಾನೇ ಹೇಳಿ.