ಇವತ್ತು ನನ್ನ ತಮ್ಮ ಮಾತಾಡಿದ

ಕುರ್ಚಿ ಬೇಡ. ಕೂತ್ಕೊಳ್ಳೋಕೆ ಬಂದಿಲ್ಲ ನಾನು. ನೀನು ಪಾರ್ಸೆಲ್ಲಿಗೆ ಚೀಟಿ ಅಂಟಿಸ್ತಾ ಇರು, ನಿನ್ನ ಕೆಲಸ ಕೆಡಿಸಲ್ಲ. ಹೇಳೋದು ಹೇಳಿ ಹೋಗ್ತೀನಿ... ಏನು, ಬಾಗಿಲು ಮುಂದೆ ಮಾಡಬೇಕಾ? ಬೇಡ. ಪ್ಲಾಟ್‌ಫಾರ್ಮಲ್ಲಿ ಇರೋರೆಲ್ಲ ಕೇಳಿಸ್ಕೊಳ್ಳಲಿ. ಅಕ್ಕ ತಮ್ಮನ ಹತ್ರ ಜಗಳಕ್ಕೆ ಬರೋದು ಏನು ಹೊಸದಾ?

ಆರು ವರ್ಷ ಕಣೋ. ಆರು ವರ್ಷ ಆ ಆನ್‌ಲೈನ್ ಗ್ರೂಪನ್ನ ತಲೆ ಮೇಲೆ ಹೊತ್ಕೊಂಡು ತಿರುಗಿದೀನಿ. ಗಂಟಲ ಕ್ಯಾನ್ಸರ್ ಆಗಿ ದನಿಪೆಟ್ಟಿಗೆ ತೆಗೆಸ್ಕೊಂಡೋರು, ಅವರ ಹೆಂಡಿರು, ಮಕ್ಕಳು, ಎಲ್ಲ ಸೇರಿ ಮೂವತ್ತೆಂಟು ಸಾವಿರ ಜನ. ನೀನೇನು ಮಾಡಿದೆ? ಒಂದು ಸಾಲು ಬರೆದೆ. 'ನಾನು ಇಲ್ಲಿಂದ ಹೋಗ್ತಾ ಇದೀನಿ, ಹೊಸ ವಿಳಾಸ ಇದು.' ಅಷ್ಟೇ. ನಂಗೊಂದು ಮಾತು? ಇಲ್ಲ. ಬೆಳಗ್ಗೆ ಎದ್ದು ಫೋನ್ ನೋಡಿದ್ರೆ, ನನ್ನ ಒಡಹುಟ್ಟಿದೋನೇ ನನ್ನ ಗ್ರೂಪಲ್ಲಿ, ಎಲ್ಲರ ಎದುರಿಗೆ ನನ್ನ ಮುಖಕ್ಕೆ ಹೊಡೆದ ಹಾಗೆ...

ಹೋಗೋನು ಒಬ್ಬನೇ ಹೋದ್ಯಾ? ಮೂರು ವಾರಕ್ಕೆ ನಾಲ್ಕು ಸಾವಿರ ಜನ ನಿನ್ನ ಹಿಂದೆ ಹೊರಟ್ರು. ಆ ಸಂಗೀತದ ಮೇಡಂ ಹೋದ್ರು. ಚಪ್ಪಲಿ ಹೊಲಿಯೋ ತಾತ ಹೋದ. ಅವನಿಗೆ ಟೈಪ್ ಮಾಡೋಕೇ ಬರ್ತಿರಲಿಲ್ಲ, ಒಂದೊಂದು ಅಕ್ಷರ ಎಲ್ಲಿದೆ ಅಂತ ಫೋನಲ್ಲಿ ಹೇಳಿಕೊಟ್ಟೋಳು ನಾನು. ಹೋಗ್ತಾ ಒಂದು ನಮಸ್ಕಾರ ಕೂಡ ಹಾಕಲಿಲ್ಲ.

ಯಾಕೆ ನಗ್ತೀಯ? ನಗು ಬರೋ ಅಂಥದ್ದು ಏನಿದೆ ಇದ್ರಲ್ಲಿ?

ನಿನ್ನ ಹೊಸ ಜಾಗಾನೂ ನೋಡಿದೆ ಬಿಡು. ಈ ಸ್ಟೇಷನ್ನಿನ ಎಲೆಕ್ಟ್ರಿಷಿಯನ್ನು ಅವನ ಮನೆ ಮೆಟ್ಟಿಲ ಕೆಳಗೆ ಒಂದು ಹಳೇ ಕಂಪ್ಯೂಟರ್ ಇಟ್ಟಿದಾನಂತೆ, ಅದೇ ನಿಮ್ಮ ಸರ್ವರ್ರಂತೆ. ಅವನ ಮನೇಲಿ ಕರೆಂಟು ಹೋದ್ರೆ ನಿಮ್ಮೆಲ್ಲರ ಬಾಯೂ ಬಂದ್... ಗೊತ್ತು, ಗೊತ್ತು. ಇಂಥ ಜಾಗ ಸಾವಿರಾರು ಇವೆ, ಒಂದೊಂದನ್ನೂ ಬೇರೆಬೇರೆಯೋರು ನಡೆಸ್ತಾರೆ, ಒಂದು ಕಡೆ ಕೂತು ಇನ್ನೊಂದು ಕಡೆಯೋರ ಜೊತೆ ಮಾತಾಡಬಹುದು. ಸರಿಹೋಗಲಿಲ್ಲ ಅಂದ್ರೆ ಗಂಟುಮೂಟೆ ಕಟ್ಕೊಂಡು ಬೇರೆ ಕಡೆ ಹೋಗಬಹುದು, ಸ್ನೇಹಿತರು ತಪ್ಪಿಹೋಗಲ್ಲ. ಜಾಹೀರಾತಿಲ್ಲ. ಯಾರ ಮಾತು ಯಾರಿಗೆ ಕಾಣಬೇಕು ಅಂತ ಯಾವ ಕಂಪನಿಯೂ ತೀರ್ಮಾನ ಮಾಡಲ್ಲ. ನೀನು ಬರೆದದ್ದೆಲ್ಲ ನಂಗೆ ಬಾಯಿಪಾಠ ಆಗಿದೆ. ಆದ್ರೆ ನಿನ್ನೆ ಆಪರೇಷನ್ ಆದೋನಿಗೆ ನಿನ್ನ ಮೆಟ್ಟಿಲ ಕೆಳಗಿನ ಪೆಟ್ಟಿಗೆ ಗೊತ್ತಾ? ಅವನು ಆಸ್ಪತ್ರೆ ಮಂಚದ ಮೇಲೆ ಮಲಗಿ ಎಲ್ಲಿ ಹುಡುಕ್ತಾನೆ? ಎಲ್ಲರೂ ಇರೋ ಕಡೆ ಹುಡುಕ್ತಾನೆ. ಅಲ್ಲಿ ಯಾರಿರಬೇಕು? ನಾವಿರಬೇಕು.

ಏನಾದ್ರೂ ಹೇಳೋ. ಡಾಕ್ಟ್ರು ಒಳಗೆ ವಾಲ್ವ್ ಕೂರಿಸಿದಾರೆ, ಕತ್ತಿನ ತೂತಿನ ಮೇಲೆ ಬೆರಳಿಟ್ರೆ ನಿಂಗೆ ಮಾತು ಬರುತ್ತೆ, ನಂಗೊತ್ತಿಲ್ವಾ? ಪಾರ್ಸೆಲ್ ತಗೊಳ್ಳೋಕೆ ಬಂದೋರ ಹತ್ರ ಎಲ್ಲ ಮಾತಾಡ್ತೀಯಂತೆ. ನನ್ನ ಹತ್ರ ಮಾತ್ರ ಬಾಯಿಗೆ ಬೀಗ.

ಆ ತೂತನ್ನ ದಿನಾ ಎರಡು ಹೊತ್ತು ತೊಳೆದ ಕೈ ಇದು. ನಿನ್ನ ಹೆಂಡತಿ ನೋಡೋಕಾಗಲ್ಲ ಅಂತ ಅಡುಗೆಮನೇಲಿ ನಿಂತು ಅಳ್ತಿದ್ಲು, ನಾನು ಕನ್ನಡಿ ಹಿಡ್ಕೊಂಡು ನಿಂತಿದ್ದೆ. ಹದಿನೇಳು ವರ್ಷ ಈ ಸ್ಟೇಷನ್ನಿನ ಮೈಕಲ್ಲಿ ರೈಲು ಬಂತು, ರೈಲು ಹೊರಡ್ತು ಅಂತ ಹೇಳಿದ ದನಿ ಅದು. ಆಪರೇಷನ್ ಆದ ಹತ್ತೊಂಬತ್ತನೇ ದಿನ ಡಾಕ್ಟ್ರು ಬೆರಳಿಟ್ಟು ಏನಾದ್ರೂ ಅನ್ನಿ ಅಂದಾಗ ಕಪ್ಪೆ ವಟಗುಟ್ಟಿದ ಹಾಗೆ ಬಂತು. ನೀನು ಗೋಡೆ ಕಡೆ ತಿರುಗಿ ಅತ್ತೆ. ನನ್ನ ಫೋನು ಕೈಲಿತ್ತು. ಮನೇಲಿ ಅಮ್ಮನಿಗೆ ತೋರಿಸೋಣ ಅಂತ ವಿಡಿಯೋ ತೆಗೆದೆ, ಬೇರೆ ಏನೂ ಮನಸ್ಸಲ್ಲಿರಲಿಲ್ಲ... ಹಾಕಿದೆ, ಹೌದು. ಕೇಳದೆ ಹಾಕಿದೆ. ಇಪ್ಪತ್ತು ಲಕ್ಷ ಜನ ನೋಡಿದ್ರು, ಅದ್ರಿಂದಾನೇ ಗ್ರೂಪ್ ಹುಟ್ಟಿತು. ಆದ್ರೆ ನೀನು ತೆಗಿ ಅಂತ ಚೀಟಿ ಬರೆದುಕೊಟ್ಟ ದಿನಾನೇ ತೆಗೆದೆ. ತೆಗೀಲಿಲ್ವಾ? ಅಮ್ಮನ ಮುಂದೆ ಮಾತು ಕೊಟ್ಟೆ, ಇನ್ನು ಯಾವತ್ತೂ ಹಾಕಲ್ಲ ಅಂತ.

ಹೋದ ತಿಂಗಳು ಅದು ಮತ್ತೆ ಬಂತು ಅಂದ್ರೆ ಅದಕ್ಕೆ ನಾನೇನು ಮಾಡ್ಲಿ? ನಿನ್ನ ಮಗಳ ಕ್ಲಾಸಿನೋರು ಅವಳ ಮುಂದೆ ಕತ್ತಿಗೆ ಬೆರಳಿಟ್ಟು ವಟಗುಟ್ಟಿದ್ರಂತೆ. ಮೊನ್ನೆ ರಸ್ತೆಯಲ್ಲಿ ಎದುರಿಗೆ ಸಿಕ್ಕಿದ್ಲು, ಅತ್ತೆ ಅಂತ ಕೂಡ ಅನ್ನಲಿಲ್ಲ, ತಲೆ ತಗ್ಗಿಸ್ಕೊಂಡು ಹೋದ್ಲು. ನಾನೇನು ಅನ್ಯಾಯ ಮಾಡಿದೆ ಅವಳಿಗೆ? ಅದು ನಮ್ಮ ಗ್ರೂಪ್ ಇರೋ ಆ ಕಂಪನಿ ಕೆಲಸ. ಹಳೇದನ್ನೆಲ್ಲ ತಾನಾಗೇ ಅಗೆದು ಮುಂದೆ ತರುತ್ತೆ. ಯಾರನ್ನ ಕೇಳೋಕಾಗುತ್ತೆ? ಬಾಗಿಲಿಲ್ಲ, ಫೋನ್ ನಂಬರಿಲ್ಲ, ಮಾತಾಡೋಕೆ ಒಬ್ಬ ಮನುಷ್ಯನಿಲ್ಲ... ಯಾಕೆ ಹಾಗೆ ನೋಡ್ತೀಯ? ಹೌದು, ನೀನು ಹೇಳ್ತಿದ್ದುದೂ ಇದೇ. ಸರಿ, ಇದೊಂದು ವಿಷಯಕ್ಕೆ ನಿನ್ನ ಮಾತೇ ಸರಿ ಅಂತ ಇಟ್ಕೋ.

ಇಲ್ಲಾ, ಯಾರೋ ಕದ್ದು ಹಾಕಿರ್ತಾರೆ. ಲಕ್ಷಾಂತರ ಜನ ನೋಡಿದಾರೆ, ಯಾರ ಫೋನಲ್ಲೋ ಉಳಿದಿರುತ್ತೆ.

ಏನು? ಚೀಟೀಲಿ ಬರೆದು ಕೇಳ್ತಿದೀಯ, ವಿಡಿಯೋ ಮೇಲೆ ಏನು ಬರೆದಿತ್ತು ಅಂತಾನಾ? ಓದಿದೀನಿ. 'ಇವತ್ತು ನನ್ನ ತಮ್ಮ ಮೊದಲ ಸಲ ಮಾತಾಡಿದ.' ಅದಕ್ಕೇನೀಗ? ಕದ್ದೋನಿಗೂ ಒಬ್ಬ ತಮ್ಮ... ಕದ್ದೋನು ಏನು ಬೇಕಾದ್ರೂ ಬರೀತಾನೆ.

ಬೆರಳಿಡೋ. ಅಕ್ಕ, ನೀನಲ್ಲ ಅಂತ ನಂಗೊತ್ತು ಅನ್ನು. ಒಂದೇ ಮಾತು. ಅಷ್ಟು ಕೇಳಿಸ್ಕೊಂಡು ಹೋಗ್ತೀನಿ. ಆಮೇಲೆ ನೀನು ಯಾವ ಸರ್ವರಲ್ಲಾದ್ರೂ ಇರು, ನಾನು ಕೇಳಲ್ಲ.

ಇಡೋ.

...

ಯಾರೂ ನೋಡ್ತಿರಲಿಲ್ಲ ಕಣೋ. ಒಂದು ವರ್ಷದಿಂದ. ಮೂವತ್ತೆಂಟು ಸಾವಿರ ಅಂತ ಹೆಸರಿಗೆ, ನಾನು ಹಾಕಿದ್ದು ನಾನೂರು ಜನಕ್ಕೂ ಕಾಣ್ತಿರಲಿಲ್ಲ. ಒಬ್ಬ ಹೆಂಗಸು ಮಧ್ಯಾಹ್ನ ಬರೆದ್ಲು, ಗಂಡನ ಕತ್ತಿನ ಟ್ಯೂಬ್ ಕಟ್ಕೊಂಡಿದೆ, ಏನು ಮಾಡ್ಲಿ ಅಂತ. ನಂಗೇ ಅದು ಕಂಡಿದ್ದು ಮಾರನೇ ದಿನ. ಅಷ್ಟು ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದ್ರು, ಬದುಕಿದ. ಆಗ ಅನ್ನಿಸ್ತು, ದೊಡ್ಡದು ಏನಾದ್ರೂ ಹಾಕಬೇಕು, ಆಗ ಗ್ರೂಪು ಮೇಲೆ ಬರುತ್ತೆ ಅಂತ. ದೊಡ್ಡದು ನನ್ನ ಹತ್ರ ಇನ್ನೇನಿತ್ತು?

ನೀನು ಗೋಡೆ ಕಡೆ ತಿರುಗಿ ಅತ್ತಿದ್ದನ್ನ ವಿಡಿಯೋದಿಂದ ತೆಗೀಬೇಕು ಅಂತಿದ್ದೆ. ತೆಗೀಲಿಲ್ಲ. ಅದಿಲ್ಲದೆ ಯಾರೂ ನೋಡಲ್ಲ ಅನ್ನಿಸ್ತು.

ಹಳೇದು ಅಂತ ಬರೆದ್ರೂ ಯಾರೂ ನೋಡಲ್ಲ. ಅದಕ್ಕೆ ಇವತ್ತು ಅಂತ ಬರೆದೆ.

ಸುಳ್ಳು ಹೇಳಲ್ಲ, ಆ ಹೆಂಗಸಿಗೋಸ್ಕರ ಮಾತ್ರ ಅಲ್ಲ. ಅವತ್ತು ಸಂಜೆವರೆಗೂ ಅಂಕಿ ಏರ್ತಾ ಇರೋದನ್ನ ನೋಡ್ತಾ ಕೂತಿದ್ದೆ. ನಿಂಗೆ ಅಭಿನಂದನೆ ಹೇಳಿದ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಅಂತ ಉತ್ತರ ಹಾಕಿದೆ. ಖುಷಿಯಾಗಿತ್ತು ನಂಗೆ... ತುಂಬ ಖುಷಿಯಾಗಿತ್ತು.

ನಿಂಗೆ ಮೊದಲಿಂದಾನೂ ಗೊತ್ತಿತ್ತು. ಅದಕ್ಕೇ ಹೊರಟೆ. ಕಂಪನಿ, ಸರ್ವರ್ರು, ಅದೂ ನಿಜವೇ ಇರಬಹುದು. ಆದ್ರೆ ನೀನು ಬಿಟ್ಟಿದ್ದು ನನ್ನನ್ನ. ಆ ಒಂದು ಸಾಲಲ್ಲಿ ನನ್ನ ಹೆಸರು ತರದೆ ನನ್ನ ಮಾನ ಉಳಿಸಿದೆ. ನಾನು ಬಂದು ಇಲ್ಲಿ ಕಿರುಚಾಡ್ತಾ ಇದೀನಿ.

ಆ ವಿಡಿಯೋನ ತೆಗೆದುಹಾಕಿದೆ ನೋಡು. ನಿನ್ನ ಕಣ್ಣ ಮುಂದೇನೇ. ನನ್ನ ಕಡೆಯಿಂದ ಹೋಯ್ತು. ಉಳಿದೋರ ಹತ್ರ ಎಷ್ಟಿದೆಯೋ, ನಂಗೊತ್ತಿಲ್ಲ.

ಇನ್ನೊಂದು ಹೇಳಿಬಿಡ್ತೀನಿ. ನಿನ್ನೆ ನಿಮ್ಮ ಹೊಸ ಜಾಗಕ್ಕೆ ಸೇರೋಣ ಅಂತ ಹೋಗಿದ್ದೆ. ಅಲ್ಲೊಂದು ಪ್ರಶ್ನೆ ಇದೆಯಲ್ಲ, ನೀವು ಯಾರು, ಒಂದು ಸಾಲಲ್ಲಿ ಬರೀರಿ, ನಮ್ಮೋರು ಓದಿ ಒಳಗೆ ಬಿಡ್ತಾರೆ ಅಂತ. 'ಗಂಟಲು ಕಳ್ಕೊಂಡೋನ ಅಕ್ಕ, ಅವನನ್ನ ನೋಡಿಕೊಂಡೋಳು' ಅಂತ ಬರೆದೆ. ಇನ್ನೂ ಕಳಿಸಿಲ್ಲ. ಹಾಗೇ ಇದೆ, ನೋಡು.

ನೋಡಿಕೊಂಡೋಳು. ಆ ಪದ ಇರಲಾ?

...

ಸರಿ. ಅಳಿಸ್ತೀನಿ.