ಒಂದೇ ಸೀಟಿನ ಕಾರು

ಗೊರಗುಂಟೆಪಾಳ್ಯದ ಗ್ಯಾರೇಜಿನಲ್ಲಿ ಪುಟ್ಟಣ್ಣ ತಮ್ಮ ಆಲ್ಟೋ ಯಾವಾಗ ಕೈಗೆ ಬರುತ್ತೋ ಅಂತ ಬೆಂಚಿನ ಮೇಲೆ ಪೇಪರು ಓದುತ್ತಾ ಕಾಯುತ್ತಾ ಕೂತಿದ್ದರು. ಪಕ್ಕದಲ್ಲೇ ಎರಡು ಬಾಗಿಲಿನ ಭಾರಿ ವಿದೇಶಿ ಕಾರು. ಒಳಗೆ ಇಣುಕಿದ ಹಿರಿಯರೊಬ್ಬರು ಗಕ್ಕನೆ ತಲೆ ಹೊರಗೆ ತೆಗೆದು, ಜೊತೆಗಿದ್ದ ಹುಡುಗಿಯತ್ತ ತಿರುಗಿದರು.

“ಶೀತಲ್, ಒಂದು ಬಿಟ್ಟು ಉಳಿದ ಸೀಟೆಲ್ಲಾ ಎಲ್ಲಿ ಹೋದುವು?”

“ತೆಗಸೀನಿ ಮಾಮಾ. ಭಾನುವಾರ ರೇಸ್ ಟ್ರ್ಯಾಕಿಗೆ ಹೊಂಟೀನಿ, ಗಾಡಿ ಹಗುರ ಇರಬೇಕು.”

“ಈ ಕಬ್ಬಿಣದ ಪೈಪು?”

“ಪಲ್ಟಿ ಆದ್ರ ತಲಿ ಉಳೀಲಿ ಅಂತ.”

“ಎಂಜಿನ್ನಿಗೂ ಕೈ ಹಾಕೀಯೇನು?”

“ಹೂಂ. ಸೂಪರ್‌ಚಾರ್ಜರಿಗೆ ಸಣ್ಣ ಪುಲ್ಲಿ ಹಾಕಸೀನಿ. ಅದು ಜೋರ ತಿರಗಿದಷ್ಟೂ ಎಂಜಿನ್ನಿಗೆ ಗಾಳಿ ಹೆಚ್ಚು.”

“ನಿಮ್ಮಪ್ಪ ಇದನ್ನ ಹೂವಿನಂಗ ನೋಡ್ಕೊಂಡಿದ್ದ.”

“ಎಂಟು ವರ್ಷ ಸ್ಪೀಡು ಅರವತ್ತು ದಾಟಸಲಿಲ್ಲ. ಸಾಯೂ ಮುಂದ ಏನಂದ ಗೊತ್ತೈತೇನ್ರಿ? ‘ಒಮ್ಮೆರ ಜೋರ ಓಡಸಬೇಕಿತ್ತು’ ಅಂದ.”

ಹಿರಿಯರು ದನಿ ತಗ್ಗಿಸಿದರು. ಪುಟ್ಟಣ್ಣ ಪೇಪರು ಮಡಚಿ ಕಿವಿಗೊಟ್ಟರು.

“ನಿನ್ನ ಮದುವಿಗೆ ಈ ಕಾರು ಕೊಡ್ತೀವಂತ ಬೀಗರಿಗೆ ಮಾತು ಕೊಟ್ಟೀನವಾ.”

“ಗೊತ್ತಾತು. ಗೊತ್ತಾದ ಮರುದಿನನ ಸೀಟು ಬಿಚ್ಚಿಸಿದೆ.”

“ಮತ್ತ ಹುಡುಗ ಎಲ್ಲಿ ಕುಂದರಬೇಕು?”

“ಗ್ಯಾಲರಿಯೊಳಗ. ನಾ ಓಡಸೂದು ನೋಡಾಕ ಬರೂದಿದ್ರ ಬರಲಿ. ಇಲ್ಲಾಂದ್ರ ಬ್ಯಾರೆ ಕಾರಿರೋ ಹುಡುಗೀನ್ನ ಹುಡುಕಲಿ.”

“ನಾಳೆ ಅವರು ಮನಿಗೆ ಬರ್ತಾರ. ನಾ ಏನ್ ಹೇಳ್ಲಿ?”

“ಇದನ್ನ ಹೇಳ್ರಿ.”

ಶೀತಲ್ ಒಳಗೆ ಕೂತು ಬೆಲ್ಟು ಬಿಗಿದಳು. ಕಾರು ಗುಡುಗಿತು. ಹಿರಿಯರು ಕಿಟಕಿಗೆ ಬಾಗಿದರು.

“ಅಲ್ಲಬೇ, ನಾ ಮನಿಗೆ ಹ್ಯಾಂಗ ಬರ್ಲಿ?”

“ಎದುರಿಗೇ ಮೆಟ್ರೋ ಐತಿ, ಮಾಮಾ.”